ಉದ್ದನೆಯ ಡಿಎನ್‌ಎ ಸೀಕ್ವೆನ್ಸ್‌ನ ಪ್ಯಾಟರ್ನ್ ಕಣ್ಣಿಗೆ ಕಾಣಬೇಕು: ಯಾವ ಸಾಫ್ಟ್‌ವೇರ್ ಬಳಸಲಿ?

ಧಾರವಾಡದ_ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ಮನುಷ್ಯರ ಎಕ್ಸ್ ಕ್ರೋಮೋಸೋಮಿನ ಸೆಂಟ್ರೋಮಿಯರ್ (ಕೋಶ ಒಡೆಯುವಾಗ ಕ್ರೋಮೋಸೋಮನ್ನು ಎಳೆಯುವ ಎಳೆಗಳು ಹಿಡಿಯುವ ಭಾಗ) ಆರಿಸಿಕೊಂಡಿದ್ದೇನೆ. 2022ರಲ್ಲಿ ಮನುಷ್ಯರ ಡಿಎನ್‌ಎಯನ್ನು ತುದಿಯಿಂದ ತುದಿಗೆ ಓದಿದ ಟಿ2ಟಿ ತಂಡ ಪ್ರಕಟಿಸಿದ ಸಿಎಚ್‌ಎಂ13 ಜೀನೋಮಿನಿಂದ ಆ ಭಾಗ ಇಳಿಸಿಕೊಂಡೆ. ಸುಮಾರು 31 ಲಕ್ಷ ಅಕ್ಷರಗಳಿವೆ.

ಐಜಿವಿ ಎಂಬ ಜೀನೋಮ್ ನೋಡುವ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿದೆ. ತೀರ ಹತ್ತಿರ ಹೋದರೆ ಎ, ಸಿ, ಜಿ, ಟಿ ಬಣ್ಣ ಬಣ್ಣವಾಗಿ ಕಾಣುತ್ತವೆ. ಸ್ವಲ್ಪ ದೂರ ಸರಿದರೆ ಪರದೆ ಖಾಲಿ. ಜೀನ್ ಎಲ್ಲಿದೆ, ರೀಡ್‌ಗಳು (ಯಂತ್ರ ಓದಿ ಕೊಟ್ಟ ಡಿಎನ್‌ಎ ತುಣುಕುಗಳು) ಎಲ್ಲಿ ಕೂತಿವೆ ಎಂದು ನೋಡೋಕೆ ಅದು ಚೆನ್ನಾಗಿದೆ. ಆದರೆ ನನ್ನ ಭಾಗದಲ್ಲಿ ಇರುವುದೆಲ್ಲ ರಿಪೀಟ್. ಸುಮಾರು 171 ಅಕ್ಷರದ ಆಲ್ಫಾ ಸ್ಯಾಟಲೈಟ್ ತುಣುಕು ಮತ್ತೆ ಮತ್ತೆ ಬರುತ್ತದೆ ಎಂದು ಓದಿದ್ದೇನೆ. ಅದನ್ನು ಕಣ್ಣಾರೆ ನೋಡಬೇಕು ಅನ್ನೋ ಆಸೆ. ಯಾವುದರಿಂದ ಶುರು ಮಾಡಲಿ? ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ, ಅಷ್ಟೇ.

ಚುಕ್ಕಿಚಿತ್ರ:

ಡಾಟ್ ಪ್ಲಾಟ್‌ನಿಂದ ಶುರು ಮಾಡಿ. 1970ರಲ್ಲಿ ಗಿಬ್ಸ್ ಮತ್ತು ಮ್ಯಾಕಿಂಟೈರ್ ಹೇಳಿಕೊಟ್ಟ ವಿಧಾನ. ಇವತ್ತಿಗೂ ಹಳೆಯದಾಗಿಲ್ಲ. ಒಂದು ಸೀಕ್ವೆನ್ಸ್ ಅಡ್ಡಕ್ಕೆ ಬರೆಯಿರಿ, ಇನ್ನೊಂದನ್ನು ಮೇಲಿಂದ ಕೆಳಕ್ಕೆ. ಎರಡೂ ಕಡೆ ಒಂದೇ ಪದ (ಸತತ ಕೆಲವು ಅಕ್ಷರ) ಬಂದ ಜಾಗದಲ್ಲಿ ಒಂದು ಚುಕ್ಕಿ ಇಡಿ. ಒಂದು ಸೀಕ್ವೆನ್ಸನ್ನು ಅದರ ಜೊತೆಗೇ ಹೋಲಿಸಿದರೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ಅದೇ ದಿಕ್ಕಿಗೆ ಓಡುವ ಗೆರೆಗಳು ರಿಪೀಟ್. ಎದುರು ದಿಕ್ಕಿಗೆ ಓಡುವ ಗೆರೆ ಕಂಡರೆ ಆ ತುಣುಕು ತಿರುಗಿ ಕೂತಿದೆ ಎಂದರ್ಥ.

ಇದರ ಸೊಗಸು ಗೊತ್ತಾಗಬೇಕಾದರೆ ಮನುಷ್ಯರ ವೈ ಕ್ರೋಮೋಸೋಮ್ ನೋಡಿ. ಅದರಲ್ಲಿ ಎಂಟು ದೊಡ್ಡ ಪಾಲಿಂಡ್ರೋಮ್‌ಗಳಿವೆ, ಅಂದರೆ ಒಂದು ತೋಳಿನ ಎದುರಿಗೆ ಅದೇ ತುಣುಕು ತಿರುಗಿ ಕೂತ ಜೋಡಿಗಳು. ಎಲ್ಲಕ್ಕಿಂತ ದೊಡ್ಡದಾದ ಪಿ1 ಸುಮಾರು 29 ಲಕ್ಷ ಅಕ್ಷರ ಉದ್ದ, ಅದರ ಎರಡು ತೋಳುಗಳು 99.97 ಪರ್ಸೆಂಟ್ ಒಂದೇ ಥರ. ಚಿತ್ರದಲ್ಲಿ ಮುಖ್ಯ ಗೆರೆಯನ್ನು ನೇರ ಅಡ್ಡ ಕತ್ತರಿಸುವ ಉದ್ದ ಗೆರೆಯಾಗಿ ಬರುತ್ತದೆ. ಅಕ್ಷರ ಓದುತ್ತಾ ಕೂತರೆ ಜನ್ಮದಲ್ಲಿ ಕಾಣುವಂಥದ್ದಲ್ಲ.

ನಿಮ್ಮ ಲ್ಯಾಪ್‌ಟಾಪ್‌ಗೆ ಗೆಪಾರ್ಡ್ ಸಾಕು. 2007ರಲ್ಲಿ ಬಂದದ್ದು, ಜಾವಾ ಇದ್ದರೆ ಓಡುತ್ತದೆ. ಒಳಗೆ ಸಫಿಕ್ಸ್ ಅರೇ (ಬೇಗ ಹುಡುಕಲು ವಿಂಗಡಿಸಿಟ್ಟ ಪಟ್ಟಿ) ಇಟ್ಟುಕೊಂಡು ಹುಡುಕುವುದರಿಂದ ಲಕ್ಷಗಟ್ಟಲೆ ಅಕ್ಷರವನ್ನೂ ಬೇಗ ಮುಗಿಸುತ್ತದೆ.

ಕೋಡ್_ಕೆಲಸ:

ಚುಕ್ಕಿಚಿತ್ರ ಅವರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. ಪದದ ಉದ್ದ, ಅಂದರೆ ವರ್ಡ್ ಸೈಜ್ ಎಷ್ಟಿಡಬೇಕು ಅನ್ನೋದು ಇದರಿಂದಲೇ ಗೊತ್ತಾಗುತ್ತದೆ.

ಹತ್ತು ಲಕ್ಷ ಅಕ್ಷರವನ್ನು ಹತ್ತು ಲಕ್ಷದ ಜೊತೆ ಹೋಲಿಸಿದರೆ ಒಂದು ಲಕ್ಷ ಕೋಟಿ ಮನೆಗಳಾಗುತ್ತವೆ. ಪರದೆ ಸಾವಿರಕ್ಕೆ ಸಾವಿರ ಪಿಕ್ಸೆಲ್ ಎಂದಿಟ್ಟುಕೊಳ್ಳಿ. ಆಗ ಒಂದೊಂದು ಪಿಕ್ಸೆಲ್ ಹಿಂದೆ ಹತ್ತು ಲಕ್ಷ ಮನೆ. ಈಗ ವರ್ಡ್ ಸೈಜ್ 10 ಇಟ್ಟರೆ, ಹತ್ತು ಅಕ್ಷರದ ಒಂದು ಪದ ಆಕಸ್ಮಿಕವಾಗಿ ಹೊಂದುವ ಸಾಧ್ಯತೆ 10,48,576ರಲ್ಲಿ ಒಂದು. ಅಂದರೆ ಯಾವ ರಿಪೀಟೂ ಇಲ್ಲದಿದ್ದರೂ ಪ್ರತಿ ಪಿಕ್ಸೆಲ್‌ಗೆ ಸರಾಸರಿ ಒಂದು ಚುಕ್ಕಿ ಸುಮ್ನೆ ಬಿದ್ದಿರುತ್ತದೆ! ಒಂದು ಚುಕ್ಕಿ ಸಿಕ್ಕರೂ ಪಿಕ್ಸೆಲ್ ಕಪ್ಪು ಮಾಡುವ ಸಾಫ್ಟ್‌ವೇರ್ ಆದರೆ ಪರದೆಯ ಅರ್ಧಕ್ಕಿಂತ ಜಾಸ್ತಿ ಕಪ್ಪು. ಅದೇ ವರ್ಡ್ ಸೈಜನ್ನು 16ಕ್ಕೆ ಏರಿಸಿದರೆ ಆಕಸ್ಮಿಕ ಹೊಂದಿಕೆ 429 ಕೋಟಿಗೆ ಒಂದು. ಚಿತ್ರ ತಿಳಿಯಾಗುತ್ತದೆ. ಆದರೆ ಹಳೆಯ, ಸವೆದ ರಿಪೀಟ್‌ಗಳಲ್ಲಿ ಸತತ 16 ಅಕ್ಷರ ಸರಿಯಾಗಿ ಹೊಂದುವುದು ಕಷ್ಟ, ಅವು ಮಾಯವಾಗುತ್ತವೆ. ಹಾಗಾಗಿ ಒಂದೇ ಭಾಗವನ್ನು ಎರಡು ಮೂರು ವರ್ಡ್ ಸೈಜ್‌ನಲ್ಲಿ ನೋಡಿ.

ಧಾರವಾಡದ_ವಿದ್ಯಾರ್ಥಿನಿ:

ತುಂಬಾ ಧನ್ಯವಾದ. ಗೆಪಾರ್ಡ್‌ನಲ್ಲಿ 31 ಲಕ್ಷವನ್ನೂ ಹಾಕಿದೆ. ವರ್ಡ್ ಸೈಜ್ ಏರಿಸಿದರೂ ಪೂರ್ತಿ ಕಪ್ಪು ಚೌಕವೇ ಬರುತ್ತಿದೆ. ಇದು ಆಕಸ್ಮಿಕ ಚುಕ್ಕಿಗಳಾ?

ಕೋಡ್_ಕೆಲಸ:

ಅಲ್ಲ, ಇದು ನಿಜವಾದ ರಿಪೀಟೇ. ನಿಮ್ಮ ಭಾಗದ ಹೆಸರು ಡಿಎಕ್ಸ್‌ಝಡ್1. ಅಲ್ಲಿ ಆಲ್ಫಾ ಸ್ಯಾಟಲೈಟ್ ಬರೀ ಒಂದೊಂದಾಗಿ ಬರುವುದಿಲ್ಲ. 12 ತುಣುಕು ಸೇರಿ ಸುಮಾರು 2,057 ಅಕ್ಷರದ ಒಂದು ದೊಡ್ಡ ಘಟಕ, ಆ ಘಟಕ ಸಾವಿರಕ್ಕೂ ಜಾಸ್ತಿ ಸಲ ಸಾಲಾಗಿ ನಿಂತಿದೆ. ಚಿತ್ರದಲ್ಲಿ ಪ್ರತಿ 2,057 ಅಕ್ಷರಕ್ಕೆ ಒಂದು ಗೆರೆ ಬರಬೇಕು. ನಿಮ್ಮ ಪರದೆಯ ಒಂದು ಪಿಕ್ಸೆಲ್‌ಗೆ ಮೂರು ಸಾವಿರ ಅಕ್ಷರ! ಎರಡು ಗೆರೆಗಳ ನಡುವೆ ಒಂದು ಪಿಕ್ಸೆಲ್‌ನಷ್ಟೂ ಜಾಗ ಉಳಿಯಲಿಲ್ಲ. ಮಧ್ಯದಿಂದ ಬರೀ 20 ಸಾವಿರ ಅಕ್ಷರ ಕತ್ತರಿಸಿಕೊಂಡು ಹಾಕಿ. ಒಂಬತ್ತು ಹತ್ತು ಗೆರೆ ಸಾಲಾಗಿ ಕಾಣಬೇಕು.

ಇಡೀ ಭಾಗವನ್ನು ಒಂದೇ ಚಿತ್ರದಲ್ಲಿ ನೋಡಲೇಬೇಕೆಂದರೆ ಬೇರೆ ಸಾಧನ ಬೇಕು. 2022ರ ಸ್ಟೇನ್ಡ್‌ಗ್ಲಾಸ್ ಇದಕ್ಕೇ ಹುಟ್ಟಿದ್ದು. ಸೀಕ್ವೆನ್ಸನ್ನು ಕಿಟಕಿಗಳಾಗಿ ಕತ್ತರಿಸಿ, ಯಾವ ಕಿಟಕಿ ಯಾವುದಕ್ಕೆ ಎಷ್ಟು ಪರ್ಸೆಂಟ್ ಹೋಲುತ್ತದೆ ಎಂದು ಬಣ್ಣದಲ್ಲಿ ತೋರಿಸುತ್ತದೆ. ಹೊಸ ಪ್ರತಿಗಳು ಎಲ್ಲಿ, ಹಳೆಯವು ಎಲ್ಲಿ ಎಂದು ಪದರ ಪದರವಾಗಿ ಕಾಣುತ್ತದೆ. ನಿಮ್ಮ ಲ್ಯಾಪ್‌ಟಾಪ್‌ಗೆ ಅದು ಭಾರವಾಗಬಹುದು. 2024ರಲ್ಲಿ ಬಂದ ಮಾಡ್‌ಡಾಟ್‌ಪ್ಲಾಟ್ ಅಲೈನ್‌ಮೆಂಟ್ (ಅಕ್ಷರಕ್ಕೆ ಅಕ್ಷರ ಹೊಂದಿಸಿ ಜೋಡಿಸುವುದು) ಮಾಡದೆ, ಕೆ-ಮರ್ ಅಂದರೆ ನಿಗದಿತ ಉದ್ದದ ಪದಗಳ ಲೆಕ್ಕದಿಂದಲೇ ಅಂಥದ್ದೇ ಚಿತ್ರ ಬರೆಯುತ್ತದೆ, ಹಗುರ.

ಸಾಲುಬಣ್ಣ:

ಆಕೆ ಕೇಳಿದ್ದು 171 ಅಕ್ಷರ ಕಣ್ಣಿಗೆ ಕಾಣಬೇಕು ಎಂದು, ಅಲ್ವಾ? ಅದಕ್ಕೆ ಡಾಟ್ ಪ್ಲಾಟ್‌ಗಿಂತ ನೇರ ದಾರಿ ಇದೆ. ಒಂದು ಅಕ್ಷರಕ್ಕೆ ಒಂದು ಪಿಕ್ಸೆಲ್. ಎ, ಸಿ, ಜಿ, ಟಿಗೆ ನಾಲ್ಕು ಬಣ್ಣ. ಎಡದಿಂದ ಬಲಕ್ಕೆ ತುಂಬುತ್ತಾ ಹೋಗಿ, ಸಾಲು ಮುಗಿದ ಮೇಲೆ ಕೆಳಗಿನ ಸಾಲು. 2009ರ ಸ್ಕಿಟಲ್ ಎಂಬ ಸಾಫ್ಟ್‌ವೇರ್ ಮಾಡಿದ್ದು ಇದನ್ನೇ. ಅದರ ಜೀವಾಳ ಇರುವುದು ಸಾಲಿನ ಅಗಲವನ್ನು ಬೇಕಾದಂತೆ ಬದಲಾಯಿಸುವುದರಲ್ಲಿ.

ಗೋಡೆಯ ಕ್ಯಾಲೆಂಡರ್ ನೆನೆಸಿಕೊಳ್ಳಿ. ವಾರಕ್ಕೊಂದು ಸಾಲು, ಸಾಲಿಗೆ ಏಳು ಮನೆ. ಭಾನುವಾರಗಳೆಲ್ಲ ಒಂದರ ಕೆಳಗೊಂದು ನಿಲ್ಲುತ್ತವೆ. ಸಾಲಿಗೆ ಎಂಟು ಮನೆ ಮಾಡಿದರೆ ಭಾನುವಾರ ಪ್ರತಿ ಸಾಲಿನಲ್ಲಿ ಒಂದು ಮನೆ ಎಡಕ್ಕೆ ಜರುಗುತ್ತದೆ. ಆರು ಮನೆ ಮಾಡಿದರೆ ಬಲಕ್ಕೆ ಜರುಗುತ್ತದೆ. ಡಿಎನ್‌ಎಯಲ್ಲೂ ಇದೇ ನಿಯಮ. ಪಟ್ಟೆಗಳು ಎಡಕ್ಕೆ ವಾಲಿದರೆ ರಿಪೀಟ್‌ನ ಉದ್ದ ಸಾಲಿಗಿಂತ ಕಮ್ಮಿ. ಬಲಕ್ಕೆ ವಾಲಿದರೆ ಜಾಸ್ತಿ. ನೆಟ್ಟಗೆ ನಿಂತರೆ ಉದ್ದ ಸಿಕ್ಕಿತು. ಎಷ್ಟು ಸಾಲಿಗೆ ಎಷ್ಟು ಮನೆ ವಾಲಿದೆ ಎಂದು ಎಣಿಸಿದರೆ ಎಷ್ಟು ತಿದ್ದಬೇಕು ಎಂಬುದೂ ಸಿಗುತ್ತದೆ.

ಮೊದಲು 171 ಇಟ್ಟು ನೋಡಿ, ಆಮೇಲೆ 2,057. ಎರಡರಲ್ಲೂ ಏನು ಕಂಡಿತು ಎಂದು ಇಲ್ಲಿ ಬರೆಯಿರಿ. ಪೈಥಾನ್ ಬಂದರೆ ಸ್ಕಿಟಲ್ ಕೂಡ ಬೇಡ. ನಂಪೈಯಲ್ಲಿ ಅಕ್ಷರಗಳನ್ನು 0, 1, 2, 3 ಮಾಡಿ, ರೀಶೇಪ್ ಮಾಡಿ, ಮ್ಯಾಟ್‌ಪ್ಲಾಟ್‌ಲಿಬ್‌ನ ಇಮ್‌ಶೋಗೆ ಕೊಟ್ಟರೆ ಮುಗಿಯಿತು. ಒಂದೇ ಎಚ್ಚರಿಕೆ: ಫಾಸ್ಟಾ (ಸೀಕ್ವೆನ್ಸ್ ಬರೆದಿಡುವ ಪಠ್ಯ) ಫೈಲಿನಲ್ಲಿ 60, 70 ಅಥವಾ 80 ಅಕ್ಷರಕ್ಕೊಮ್ಮೆ ಸಾಲು ಮುರಿದಿರುತ್ತದೆ. ಆ ಸಾಲು ಮುರಿತವನ್ನು ತೆಗೆಯದೆ ಓದಿದರೆ ಡಿಎನ್‌ಎಯಲ್ಲಿ ಇಲ್ಲದ ಪಟ್ಟೆ ಚಿತ್ರದಲ್ಲಿ ಬರುತ್ತದೆ.

ಧಾರವಾಡದ_ವಿದ್ಯಾರ್ಥಿನಿ:

ಸಾಲುಬಣ್ಣ ಸರ್, ಕಂಡಿತು!! 171ರಲ್ಲಿ ಪಟ್ಟೆಗಳಿವೆ, ಆದರೆ ಮಸುಕು. ಜೊತೆಗೆ ನಿಧಾನವಾಗಿ ಬಲಕ್ಕೆ ವಾಲುತ್ತವೆ. 2,057 ಇಟ್ಟ ತಕ್ಷಣ ಇಡೀ ಚಿತ್ರ ನೆಟ್ಟಗೆ ನಿಂತುಬಿಟ್ಟಿತು. ಗೆರೆ ಎಳೆದ ಹಾಗೆ ಸ್ಪಷ್ಟ. ಅಲ್ಲಲ್ಲಿ ಒಂದೊಂದು ಅಕ್ಷರ ಮಾತ್ರ ಬೇರೆ ಬಣ್ಣ. ಗೈಡ್‌ಗೆ ತೋರಿಸಿದೆ, ಅವರಿಗೂ ಖುಷಿಯಾಯಿತು. ಆದರೆ 171ರಲ್ಲಿ ಯಾಕೆ ಮಸುಕು?

ಸಾಲುಬಣ್ಣ:

ಎರಡು ಕಾರಣ. ಒಂದೇ ಘಟಕದೊಳಗಿನ 12 ತುಣುಕುಗಳು ಒಂದಕ್ಕೊಂದು ಅಷ್ಟೇನೂ ಹೋಲುವುದಿಲ್ಲ. ಸಾಮಾನ್ಯವಾಗಿ 20ರಿಂದ 40 ಪರ್ಸೆಂಟ್ ವ್ಯತ್ಯಾಸ ಇರುತ್ತದೆ. ಆದರೆ ಇಡೀ ಘಟಕದ ಪ್ರತಿಗಳ ನಡುವೆ ಒಂದೆರಡು ಪರ್ಸೆಂಟ್ ಮಾತ್ರ. ಅದಕ್ಕೇ 2,057ರಲ್ಲಿ ಅಷ್ಟು ಸ್ಪಷ್ಟ. ಇನ್ನು ವಾಲುವುದು: 171ನ್ನು 12ರಿಂದ ಗುಣಿಸಿದರೆ 2,052. ಐದು ಅಕ್ಷರ ಕಮ್ಮಿ ಬಿತ್ತು. ಹಾಗಾಗಿ 12 ಸಾಲು ಇಳಿದಾಗ ಪಟ್ಟೆ ಐದು ಮನೆ ಬಲಕ್ಕೆ ಹೋಗುತ್ತದೆ. ನಿಮ್ಮ ಚಿತ್ರದಲ್ಲಿ ಎಣಿಸಿ ನೋಡಿ.

ಸಂಖ್ಯೆಗಳ_ಸಹವಾಸ:

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ನಾನು ಸ್ಟಾಟಿಸ್ಟಿಕ್ಸ್ ಕಡೆಯವನು. ನನಗೆ ತುಂಬಾ ಮುಖ್ಯ ಅನ್ನಿಸುವ ಒಂದು ಮಾತು ಇಲ್ಲಿ ಇನ್ನೂ ಬಂದಿಲ್ಲ.

ಚಿತ್ರ ಬರೆದಾಗಲೆಲ್ಲ ಪಕ್ಕದಲ್ಲಿ ಇನ್ನೊಂದು ಚಿತ್ರ ಬರೆಯಿರಿ. ಅದೇ ಸೀಕ್ವೆನ್ಸಿನ ಅಕ್ಷರಗಳನ್ನು ಕಲಸಿ, ಅದೇ ಸಾಫ್ಟ್‌ವೇರ್‌ಗೆ, ಅದೇ ಸೆಟ್ಟಿಂಗ್‌ನಲ್ಲಿ ಕೊಡಿ. ಕಲಸಿದ್ದರಲ್ಲೂ ಅದೇ ಪ್ಯಾಟರ್ನ್ ಬಂದರೆ, ನೀವು ನೋಡುತ್ತಿರುವುದು ಅಕ್ಷರಗಳು ಎಷ್ಟೆಷ್ಟಿವೆ ಎಂಬುದನ್ನು, ಅವು ಯಾವ ಕ್ರಮದಲ್ಲಿವೆ ಎಂಬುದನ್ನಲ್ಲ. ಎಂಬಾಸ್ ಎಂಬ ಸಾಫ್ಟ್‌ವೇರ್ ಗುಚ್ಛದಲ್ಲಿ ಶಫಲ್‌ಸೀಕ್ ಎಂಬ ಪ್ರೋಗ್ರಾಂ ಇದೆ, ಅಕ್ಷರ ಕಲಸಲು ಸಾಕು. ಇನ್ನೂ ಬಿಗಿಯಾದ ಪರೀಕ್ಷೆ ಬೇಕಾದರೆ ಜೋಡಿ ಅಕ್ಷರಗಳ ಎಣಿಕೆ ಕೆಡದ ಹಾಗೆ ಕಲಸುವ ವಿಧಾನ ಇದೆ, 1985ರಲ್ಲಿ ಆಲ್ಟ್‌ಶುಲ್ ಮತ್ತು ಎರಿಕ್ಸನ್ ಕೊಟ್ಟದ್ದು.

ಇದು ಯಾಕೆ ಬೇಕು ಎನ್ನುವುದಕ್ಕೆ ನಿಜವಾದ ಉದಾಹರಣೆ ಇದೆ. ಕೇಯಾಸ್ ಗೇಮ್ ಚಿತ್ರ ಗೊತ್ತಿರಬಹುದು. 1990ರಲ್ಲಿ ಜೆಫ್ರಿ ಎಂಬುವರು ಡಿಎನ್‌ಎಗೆ ಅಳವಡಿಸಿದರು. ಒಂದು ಚೌಕದ ನಾಲ್ಕು ಮೂಲೆಗೆ ನಾಲ್ಕು ಅಕ್ಷರ. ಎಡ ಕೆಳಗೆ ಎ, ಎಡ ಮೇಲೆ ಸಿ, ಬಲ ಮೇಲೆ ಜಿ, ಬಲ ಕೆಳಗೆ ಟಿ. ನಡುವಿನಿಂದ ಹೊರಡಿ. ಮುಂದಿನ ಅಕ್ಷರ ಯಾವುದೋ ಆ ಮೂಲೆಯ ಕಡೆ ಅರ್ಧ ದಾರಿ ಹೋಗಿ ಚುಕ್ಕಿ ಇಡಿ. ಅಲ್ಲಿಂದ ಮತ್ತೆ ಮುಂದಿನ ಅಕ್ಷರ. ಉದಾಹರಣೆಗೆ ಮೊದಲು ಸಿ ಬಂತು: (0.5, 0.5)ರಿಂದ (0.25, 0.75)ಕ್ಕೆ ಹೋದಿರಿ. ಆಮೇಲೆ ಜಿ: (0.625, 0.875). ಇದು ಜಿ ಕಾಲುಭಾಗದೊಳಗಿನ ಸಿ ಕಾಲುಭಾಗ. ಸಿ ಆದಮೇಲೆ ಜಿ ಬಂದಾಗಲೆಲ್ಲ, ಸೀಕ್ವೆನ್ಸಿನಲ್ಲಿ ಎಲ್ಲೇ ಇರಲಿ, ಚುಕ್ಕಿ ಇದೇ ಮನೆಗೆ ಬೀಳುತ್ತದೆ.

ಮನುಷ್ಯರ ಡಿಎನ್‌ಎ ಹಾಕಿದರೆ ಆ ಮನೆ ಬಹಳ ತೆಳು. ಅಷ್ಟೇ ಅಲ್ಲ, ಅದರ ಪುಟ್ಟ ಪುಟ್ಟ ಪ್ರತಿಗಳು ಚೌಕದ ತುಂಬ ಖಾಲಿ ಖಾಲಿ ಕಾಣುತ್ತವೆ. ನೋಡಲು ಬಹಳ ಚಂದ. ಕಾರಣ ಸಿ-ಜಿ ಜೋಡಿಯ ಸಿಗೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಸೇರಿ, ಕಾಲಕ್ರಮೇಣ ಅದು ಟಿ ಆಗಿಬಿಡುತ್ತದೆ. ಹಾಗಾಗಿ ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಆ ಜೋಡಿ ಕಮ್ಮಿ. ಆ ಸುಂದರ ಚಿತ್ರದಲ್ಲಿ ಆಳವಾದ ರಹಸ್ಯ ಇದೆ ಎಂದು ಆಗ ಅನೇಕರಿಗೆ ಅನ್ನಿಸಿತ್ತು. 1993ರಲ್ಲಿ ಗೋಲ್ಡ್‌ಮನ್ ಲೆಕ್ಕ ಹಾಕಿ ತೋರಿಸಿದರು: ಒಂದು, ಎರಡು, ಮೂರು ಅಕ್ಷರಗಳ ಎಣಿಕೆ ಗೊತ್ತಿದ್ದರೆ ಸಾಕು, ಕಣ್ಣಿಗೆ ಕಾಣುವ ವಿನ್ಯಾಸ ಬಹುಪಾಲು ಅದರಿಂದಲೇ ಬರುತ್ತದೆ.

ಹಾಗೆಂದು ಕೇಯಾಸ್ ಗೇಮ್ ಬೇಡ ಎನ್ನುತ್ತಿಲ್ಲ. ಎರಡು ಜೀವಿಗಳ ಡಿಎನ್‌ಎ ಒಂದೇ ನೋಟದಲ್ಲಿ ಹೋಲಿಸಲು ಅದು ಒಳ್ಳೆಯದು. ಎಲ್ಲಿದೆ ಎಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರ ಇಲ್ಲ.

ಬ್ಯಾಕ್ಟೀರಿಯಾ_ಪಾಠ:

"ಎಲ್ಲಿದೆ" ಎಂಬ ಪ್ರಶ್ನೆಗೆ ನಾನು ತರಗತಿಯಲ್ಲಿ ಮಾಡಿಸುವುದು ಜಿಸಿ ಸ್ಕ್ಯೂ. ಡಿಗ್ರಿ ಮಕ್ಕಳಿಗೂ ಅರ್ಥವಾಗುತ್ತದೆ, ಎಕ್ಸೆಲ್‌ನಲ್ಲೂ ಮಾಡಬಹುದು. ಜಿ ಎಣಿಕೆಯಿಂದ ಸಿ ಎಣಿಕೆ ಕಳೆದು, ಎರಡರ ಮೊತ್ತದಿಂದ ಭಾಗಿಸಿ. ಕಿಟಕಿ ಕಿಟಕಿಯಾಗಿ ಮಾಡಿ, ಒಂದರ ಮೇಲೊಂದು ಕೂಡಿಸುತ್ತಾ ಹೋಗಿ. ಕೂಡಿಸುವ ಉಪಾಯ 1998ರಲ್ಲಿ ಗ್ರಿಗೋರಿಯೆವ್ ಕೊಟ್ಟದ್ದು. ಕೂಡಿಸದಿದ್ದರೆ ಬರೀ ಗಿಜಿಬಿಜಿ.

ಈ ಕೋಲಿ (E. coli) ಬ್ಯಾಕ್ಟೀರಿಯಾದ ಕೆ-12 ತಳಿ ತಗೊಳ್ಳಿ. 46,41,652 ಅಕ್ಷರ. ಎನ್‌ಸಿಬಿಐ ಡೇಟಾಬೇಸ್‌ನಲ್ಲಿ ಉಚಿತ. ಗೆರೆ ಸೊನ್ನೆಯಿಂದ ಏರುತ್ತಾ 15-16 ಲಕ್ಷದ ಹತ್ತಿರ ತುದಿ ಮುಟ್ಟುತ್ತದೆ. ಅಲ್ಲಿಂದ ಇಳಿದು 39.2 ಲಕ್ಷದ ಹತ್ತಿರ ತಳ ಕಾಣುತ್ತದೆ. ಮತ್ತೆ ಏರುತ್ತದೆ. ತಳದಲ್ಲಿರುವುದು ಡಿಎನ್‌ಎ ನಕಲು ಶುರುವಾಗುವ ಜಾಗ, ಓರಿ-ಸಿ. ತುದಿಯಲ್ಲಿರುವುದು ಮುಗಿಯುವ ಜಾಗ. ನಕಲಾಗುವಾಗ ಒಂದು ಎಳೆ ಹೆಚ್ಚು ಹೊತ್ತು ಒಂಟಿಯಾಗಿ ಉಳಿಯುತ್ತದೆ, ಅದರ ಸಿಗಳು ಹಾಳಾಗುವುದು ಜಾಸ್ತಿ. ಎರಡು ಎಳೆಗಳ ನಡುವಿನ ಈ ವ್ಯತ್ಯಾಸಕ್ಕೆ ಕೊಡುವ ಒಂದು ಮುಖ್ಯ ವಿವರಣೆ ಇದು.

ಆಮೇಲಿನ ಹೆಜ್ಜೆ ನನಗೆ ಇನ್ನೂ ಇಷ್ಟ. ತಳ ಸಿಕ್ಕ ಮೇಲೆ ಮಕ್ಕಳಿಗೆ ಆ ಸುತ್ತಿನ ಕೆಲವು ಸಾವಿರ ಅಕ್ಷರ ಕೊಟ್ಟು ಟಿಟಿಎಟಿಸಿಸಿಎಸಿಎ ಎಂಬ ಒಂಬತ್ತು ಅಕ್ಷರ ಹುಡುಕಿಸುತ್ತೇನೆ. ಎದುರು ಎಳೆಯಲ್ಲೂ ಹುಡುಕಬೇಕು. ನಕಲು ಶುರುಮಾಡುವ ಡಿಎನ್‌ಎಎ (DnaA) ಪ್ರೋಟೀನ್ ಬಂದು ಕೂರುವ ಜಾಗ ಅದು. ಚಿತ್ರ ಬೆರಳು ತೋರಿದ ಕಡೆಯೇ ಅಕ್ಷರಗಳೂ ಸಾಕ್ಷಿ ಹೇಳಿದಾಗ ಮಕ್ಕಳ ಮುಖ ನೋಡಬೇಕು ನೀವು.

ಸಂಖ್ಯೆಗಳ_ಸಹವಾಸ:

ಮೇಡಂ, ಇದು ತುಂಬಾ ಒಳ್ಳೆಯ ಪಾಠ. ನನ್ನ ಕಲಸುವ ಪರೀಕ್ಷೆಯನ್ನೂ ಇದಕ್ಕೆ ಸೇರಿಸಬಹುದು. ಕಲಸಿದ ಈ ಕೋಲಿಯಲ್ಲೂ ಗೆರೆ ಅಲೆದಾಡುತ್ತದೆ, ಒಂದು ತುದಿ ಒಂದು ತಳ ಇದ್ದೇ ಇರುತ್ತದೆ. ಆದರೆ ಏರಿಳಿತ ಬಹಳ ಚಿಕ್ಕದು, ಪ್ರತಿ ಸಲ ಕಲಸಿದಾಗಲೂ ಬೇರೆ ಜಾಗ. ಎರಡನ್ನೂ ಒಂದೇ ಅಳತೆಯ ಅಕ್ಷದಲ್ಲಿ ಇಟ್ಟರೆ ಮಾತೇ ಬೇಡ.

ನಡಿಗೆಗೆರೆ:

ಡಿಎನ್‌ಎ ವಾಕ್, ಅಂದರೆ ಅಕ್ಷರಕ್ಕೊಂದು ಹೆಜ್ಜೆ ಇಟ್ಟು ಗೆರೆ ಎಳೆಯುವ ವಿಧಾನದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ದೇಶದ ಕೆಲಸವೂ ಅದರಲ್ಲಿದೆ. ಕೋಲ್ಕತ್ತಾದ ಅಶೇಷ್ ನಂದಿ ಅವರು 1994ರಲ್ಲಿ ಕರೆಂಟ್ ಸೈನ್ಸ್‌ನಲ್ಲಿ ಒಂದು ವಿಧಾನ ಪ್ರಕಟಿಸಿದರು. ಆ ಪತ್ರಿಕೆ ಹೊರಡುವುದು ನಮ್ಮ ಬೆಂಗಳೂರಿನಿಂದಲೇ. ಎ ಬಂದರೆ ಎಡಕ್ಕೆ ಒಂದು ಹೆಜ್ಜೆ, ಜಿ ಬಂದರೆ ಬಲಕ್ಕೆ, ಸಿ ಬಂದರೆ ಮೇಲಕ್ಕೆ, ಟಿ ಬಂದರೆ ಕೆಳಕ್ಕೆ. ಜೀನ್‌ಗಳ ಆಕಾರ ಹೋಲಿಸಲು ಸರಳ. ಕೊರತೆ ಎಂದರೆ ಎ-ಜಿ-ಎ-ಜಿ ಎಂದು ಬಂದಾಗ ಗೆರೆ ನಡೆದ ದಾರಿಯಲ್ಲೇ ಹಿಂದೆ ಮುಂದೆ ಓಡಾಡುತ್ತದೆ, ಆ ಮಾಹಿತಿ ಮುಚ್ಚಿಹೋಗುತ್ತದೆ. ಅದೇ ವರ್ಷದ ಝಡ್-ಕರ್ವ್ ಮೂರು ಆಯಾಮದಲ್ಲಿ ಗೆರೆ ಎಳೆಯುವುದರಿಂದ ಆ ತೊಂದರೆ ಇಲ್ಲ, ಗೆರೆಯಿಂದ ಸೀಕ್ವೆನ್ಸನ್ನು ವಾಪಸ್ ಓದಬಹುದು.

ಹೊಸಬರು ಲ್ಯಾಂಬ್ಡಾ ಫೇಜ್ (ಬ್ಯಾಕ್ಟೀರಿಯಾಕ್ಕೆ ತಗಲುವ ಒಂದು ವೈರಸ್) ಹಾಕಿ ನೋಡಿ. 48,502 ಅಕ್ಷರ, ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. ಎಡ ಅರ್ಧದಲ್ಲಿ ಜಿ ಮತ್ತು ಸಿ ಜಾಸ್ತಿ, ಬಲ ಅರ್ಧದಲ್ಲಿ ಕಮ್ಮಿ. ಜಿ, ಸಿಗೆ ಮೇಲೆ, ಎ, ಟಿಗೆ ಕೆಳಗೆ ಎಂದು ನಡೆಸಿದರೆ ಆ ತಿರುವು ಎದ್ದು ಕಾಣುತ್ತದೆ.

ಬಣ್ಣ_ಕಾಣದವ:

ಒಂದು ವಿನಂತಿ. ನನಗೆ ಕೆಂಪು ಹಸಿರು ವ್ಯತ್ಯಾಸ ತಿಳಿಯುವುದಿಲ್ಲ. ಎ ಹಸಿರು, ಟಿ ಕೆಂಪು ಎಂಬ ಹಳೆಯ ಪದ್ಧತಿಯ ಚಿತ್ರ ನನಗೆ ಒಂದೇ ಕೆಸರು ಬಣ್ಣ. ನನ್ನಂಥವರು, ಅದರಲ್ಲೂ ಗಂಡಸರಲ್ಲಿ, ಸಾಕಷ್ಟು ಇದ್ದಾರೆ. ಪ್ರಾಜೆಕ್ಟ್ ರಿಪೋರ್ಟ್‌ಗೆ ಚಿತ್ರ ಹಾಕುವಾಗ ನೀಲಿ, ಕಿತ್ತಳೆ, ಕಪ್ಪು, ತಿಳಿ ಹಳದಿ ಥರದ ಬಣ್ಣ ಆರಿಸಿ. ಹೋಲಿಕೆಯ ಪರ್ಸೆಂಟ್ ತೋರಿಸುವಾಗ ಮ್ಯಾಟ್‌ಪ್ಲಾಟ್‌ಲಿಬ್‌ನ ವಿರಿಡಿಸ್ ಇಡಿ. ಅದು ನಮಗೂ ಕಾಣುತ್ತದೆ, ಕಪ್ಪು ಬಿಳುಪು ಪ್ರಿಂಟ್‌ನಲ್ಲೂ ಕೆಡುವುದಿಲ್ಲ.

ಧಾರವಾಡದ_ವಿದ್ಯಾರ್ಥಿನಿ:

ಖಂಡಿತ ಅಣ್ಣಾ, ಬಣ್ಣ ಇವತ್ತೇ ಬದಲಾಯಿಸುತ್ತೇನೆ. ಕಲಸಿದ ಸೀಕ್ವೆನ್ಸನ್ನೂ 2,057 ಅಗಲದಲ್ಲಿ ಹಾಕಿ ನೋಡಿದೆ. ಪಟ್ಟೆಯ ಸುಳಿವೇ ಇಲ್ಲ. ಎರಡು ಚಿತ್ರ ಅಕ್ಕಪಕ್ಕ ಇಟ್ಟು ರಿಪೋರ್ಟ್‌ಗೆ ಸೇರಿಸುತ್ತೇನೆ.

ರಾಗಿ_ಹೊಲ:

ತಡವಾಗಿ ಬಂದೆ. ನಾನು ಬೆಳೆ ತಳಿ ಕಡೆ ಕೆಲಸ ಮಾಡುವವಳು, ನನ್ನ ಪ್ರಶ್ನೆ ರಾಗಿಯದು. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ಎಂಎಲ್-365 ತಳಿಯ ಜೀನೋಮ್ ಪ್ರಕಟಿಸಿತ್ತು. ಆಮೇಲೆ ಕ್ರೋಮೋಸೋಮ್ ಮಟ್ಟಕ್ಕೆ ಜೋಡಿಸಿದ್ದೂ ಬಂದಿದೆ. ರಾಗಿಯಲ್ಲಿ ಎ ಮತ್ತು ಬಿ ಎಂದು ಎರಡು ಉಪಜೀನೋಮ್ (ಬೇರೆ ಬೇರೆ ಪೂರ್ವಜರಿಂದ ಬಂದ ಕ್ರೋಮೋಸೋಮ್ ಸೆಟ್), ಒಂಬತ್ತು ಒಂಬತ್ತು ಕ್ರೋಮೋಸೋಮ್. ಎ ಬಂದದ್ದು ಎಲ್ಯೂಸಿನ್ ಇಂಡಿಕಾ ಹುಲ್ಲಿನ ಕಡೆಯಿಂದ. ಈ ಎರಡು ಸೆಟ್ ಎಷ್ಟು ಹೋಲುತ್ತವೆ, ಎಲ್ಲಿ ತುಣುಕು ತಿರುಗಿದೆ ಎಂದು ನೋಡಬೇಕು. ಒಟ್ಟು ನೂರು ಕೋಟಿ ಅಕ್ಷರಕ್ಕೂ ಜಾಸ್ತಿ. ಗೆಪಾರ್ಡ್ ತಡೆಯುತ್ತದಾ?

ಚುಕ್ಕಿಚಿತ್ರ:

ಇಷ್ಟಕ್ಕೆ ಗೆಪಾರ್ಡ್ ಬೇಡ ಅಕ್ಕಾ. ಡಿ-ಜೀನೀಸ್ ಬಳಸಿ, 2018ರದ್ದು. ಒಳಗೆ ಮಿನಿಮ್ಯಾಪ್2 ಎಂಬ ಅಲೈನ್‌ಮೆಂಟ್ ಪ್ರೋಗ್ರಾಂ ಓಡುತ್ತದೆ, ಅಕ್ಷರ ಅಕ್ಷರ ಹೋಲಿಸದೆ ಅಲೈನ್‌ಮೆಂಟ್‌ಗಳನ್ನೇ ಗೆರೆಯಾಗಿ ಬರೆಯುತ್ತದೆ. ಇಡೀ ಜೀನೋಮನ್ನು ಅದರ ಜೊತೆಗೇ ಹೋಲಿಸಬೇಡಿ, ಮುಖ್ಯ ಗೆರೆ ಮಿಕ್ಕಿದ್ದನ್ನೆಲ್ಲ ನುಂಗುತ್ತದೆ. ಎ ಕ್ರೋಮೋಸೋಮ್‌ಗಳದ್ದು ಒಂದು ಫೈಲ್, ಬಿ ಕ್ರೋಮೋಸೋಮ್‌ಗಳದ್ದು ಇನ್ನೊಂದು. ಮೊದಲು 1ಎ ಮತ್ತು 1ಬಿ ಮಾತ್ರ ಹಾಕಿ ಸೆಟ್ಟಿಂಗ್ ಸರಿಮಾಡಿಕೊಳ್ಳಿ. ಜೀನ್ ಜಾಸ್ತಿ ಇರುವ ತುದಿಗಳಲ್ಲಿ ಗೆರೆ ಚೆನ್ನಾಗಿ ಬರುತ್ತದೆ, ನಡುವೆ ರಿಪೀಟ್ ದಟ್ಟವಾಗಿರುವಲ್ಲಿ ಕಡಿದು ಹೋಗುತ್ತದೆ.

ರಾಗಿ_ಹೊಲ:

1ಎ, 1ಬಿ ಓಡಿಸಿದೆ. ನೀವು ಹೇಳಿದ ಹಾಗೇ ಎರಡು ತುದಿಯಲ್ಲಿ ಗೆರೆ ಇದೆ, ನಡುವೆ ಚೂರು ಚೂರು. ಒಂದು ಕಡೆ ಗೆರೆ ಎದುರು ದಿಕ್ಕಿಗೆ ತಿರುಗಿದೆ. ಇದನ್ನು ನಂಬಬಹುದಾ?

ಕೋಡ್_ಕೆಲಸ:

ಈಗಲೇ ಬೇಡ. ಆ ತಿರುವಿನ ಎರಡೂ ಅಂಚಿನ ಸ್ಥಾನ ಬರೆದುಕೊಳ್ಳಿ. ಫಾಸ್ಟಾದಲ್ಲಿ ಅಲ್ಲೇ ಎನ್ ಅಕ್ಷರಗಳ ಸಾಲು (ಅಕ್ಷರ ಯಾವುದೆಂದು ಗೊತ್ತಿಲ್ಲದ ಜಾಗದ ಗುರುತು) ಇದೆಯಾ ನೋಡಿ. ತಿರುವಿನ ಎರಡೂ ತುದಿ ಎನ್ ಸಾಲಿಗೆ ತಾಗಿದ್ದರೆ, ಜೋಡಿಸುವಾಗ ಒಂದು ತುಂಡು ತಲೆಕೆಳಗಾಗಿ ಕೂತಿರುವ ಸಾಧ್ಯತೆ ಜಾಸ್ತಿ. ಎನ್ ಇಲ್ಲದಿದ್ದರೆ ಉದ್ದನೆಯ ರೀಡ್‌ಗಳನ್ನು ಐಜಿವಿಯಲ್ಲಿ ತೆರೆದು, ಆ ಅಂಚನ್ನು ದಾಟಿ ಹೋಗುವ ರೀಡ್ ಇದೆಯಾ ಎಂದು ನೋಡಿ. ಎಲ್ಯೂಸಿನ್ ಇಂಡಿಕಾದ ಜೀನೋಮನ್ನು 1ಎ ಜೊತೆಗೂ ಹಾಕಿ. ಅಲ್ಲಿಯೂ ಅದೇ ಕಡೆ ಗೆರೆ ತಿರುಗಿದರೆ ಬದಲಾದದ್ದು, ಅಥವಾ ತಪ್ಪಾಗಿ ಜೋಡಿಸಿದ್ದು, ಬಹುಶಃ 1ಎ. ನೇರ ಬಂದರೆ 1ಬಿ ಕಡೆ ಹುಡುಕಿ.

ರಾಗಿ_ಹೊಲ:

ಎರಡೂ ಅಂಚಿನಲ್ಲಿ ನೂರು ನೂರು ಎನ್ ಇವೆ. ಆ ತುಂಡನ್ನು ಪಕ್ಕಕ್ಕಿಟ್ಟು 2ಎ, 2ಬಿ ಶುರು ಮಾಡುತ್ತಿದ್ದೇನೆ. ಎಲ್ಯೂಸಿನ್ ಇಂಡಿಕಾ ಇಳಿಯುತ್ತಿದೆ, ಮುಗಿದ ಮೇಲೆ ಚಿತ್ರ ಇಲ್ಲೇ ಹಾಕುತ್ತೇನೆ.